ಅಳಿಯಕಟ್ಟಿನ ನಾಡಿನಲ್ಲಿ ಮತ್ತಾಯನ ವಂಶಾವಳಿ

ಬೈಬಲನ್ನು ಸಾಹಿತ್ಯವೆಂದು ಓದಲು ಕುಳಿತವರು ಸಾಮಾನ್ಯವಾಗಿ ಬೇಸರಪಡುವುದು ಅದರ ವಂಶಾವಳಿಗಳಲ್ಲಿ. ಆದಿಕಾಂಡದ ಕಥೆಗಳು ಓಡಿಸಿಕೊಂಡು ಹೋಗುತ್ತವೆ, ಯೋಬನ ಗ್ರಂಥ ಹಿಡಿದು ನಿಲ್ಲಿಸುತ್ತದೆ. ಇಂಥವನ ಮಗ ಇಂಥವನು ಎಂಬ ಸಾಲುಗಳು ಶುರುವಾದವೋ, ಬೆರಳು ತಾನಾಗಿ ಪುಟ ಮಗುಚುತ್ತದೆ. ಪೂರ್ವಕಾಲ ವೃತ್ತಾಂತದ ಮೊದಲ ಪುಸ್ತಕದಲ್ಲಿ ಇಂಥ ಹೆಸರುಗಳೇ ಒಂಬತ್ತು ಅಧ್ಯಾಯಗಳನ್ನು ತುಂಬಿವೆ. ಹೊಸ ಒಡಂಬಡಿಕೆಯಂತೂ ಬಾಗಿಲಲ್ಲೇ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಮತ್ತಾಯನ ಸುವಾರ್ತೆಯ ಮೊದಲ ಪುಟ ಅಬ್ರಹಾಮನಿಂದ ಯೇಸುವಿನವರೆಗಿನ ವಂಶಾವಳಿ.

ಈ ಪಟ್ಟಿಗಳನ್ನು ಬಿಡದೆ ಓದಬೇಕು, ಅದರಲ್ಲೂ ಯಾರೂ ಕೇಳಿರದ ಹೆಸರುಗಳ ಹತ್ತಿರ ನಿಧಾನಿಸಿ ಓದಬೇಕು ಎನ್ನುವುದು ನನ್ನ ಮಾತು. ಹಾಗೆ ಓದಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಿಗೆ ಒಂದು ಅನುಕೂಲವಿದೆ. ವಂಶವನ್ನು ತಂದೆಯಿಂದ ಮಗನಿಗೆ ಎಣಿಸುವುದೊಂದೇ ಕ್ರಮವಲ್ಲ ಎಂಬುದನ್ನು ನಾವು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಬಂಟ್ವಾಳ ತಾಲೂಕಿನಲ್ಲಿ ನಾನು ಬೆಳೆದ ಸುತ್ತಿನಲ್ಲಿ, ನಿನ್ನ ಕುಟುಂಬದ ಮನೆ ಯಾವುದು ಎಂದು ಯಾರಾದರೂ ಕೇಳಿದರೆ ಅಮ್ಮನ ಕಡೆಯ ಮನೆಯ ಹೆಸರು ಹೇಳುವುದು ವಾಡಿಕೆ. ಬರಿ ತಾಯಿಯದು. ಕುಟುಂಬದ ದೈವಕ್ಕೆ ಪರ್ವ ನಡೆಯುವಾಗ ನಾವು ಸೇರುವುದು ಅಜ್ಜಿಯ ಮನೆಯಲ್ಲಿ. ಇದಕ್ಕೆ ಅಳಿಯಕಟ್ಟು ಎನ್ನುತ್ತಾರೆ, ಕಾನೂನಿನ ಭಾಷೆಯಲ್ಲಿ ಅಳಿಯಸಂತಾನ. ತಂದೆಯಿಂದ ಮಕ್ಕಳಿಗೆ ಹೋಗುವ ಕ್ರಮ ಮಕ್ಕಳಕಟ್ಟು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1842ರಲ್ಲಿ ಮತ್ತಾಯನ ಸುವಾರ್ತೆ ತುಳುವಿನಲ್ಲಿ, ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1847ರ ಹೊತ್ತಿಗೆ ಇಡೀ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತು. ತುಳು ಮುದ್ರಣದ ಮೊಟ್ಟಮೊದಲ ಕಾಲದ ಪುಸ್ತಕಗಳಿವು. ಹಾಗಾಗಿ ತನ್ನ ಮಾತನ್ನು ಮೊದಲ ಸಲ ಅಚ್ಚಿನಲ್ಲಿ ಕಂಡ ತುಳುವ ಓದುಗನೊಬ್ಬನ ಕಣ್ಣಿಗೆ ಬಿದ್ದಿರಬಹುದಾದ ಮೊದಲ ಪುಟ, ಉದ್ದಕ್ಕೂ ತಂದೆ ಮಗ, ತಂದೆ ಮಗ ಎಂದು ಸಾಗುವ ಮಕ್ಕಳಕಟ್ಟಿನ ಪಟ್ಟಿ! ಮಿಶನ್ ಸೇರಿದ ತುಳುವರಲ್ಲಿ ಹೆಚ್ಚಿನವರು ಬಿಲ್ಲವರು, ಅಳಿಯಕಟ್ಟಿನವರು. ಅವರ ಪಾಲಿಗೆ ಮತ ಬದಲಾಯಿಸುವುದೆಂದರೆ ಆಸ್ತಿ ಯಾರಿಗೆ, ಹೆಸರು ಯಾರಿಂದ ಎನ್ನುವ ಲೆಕ್ಕವನ್ನೂ ಬದಲಾಯಿಸುವುದಾಗಿತ್ತು. ಅಂಥ ಓದುಗನಿಗೆ ಆ ಪುಟ ಸಪ್ಪೆ ಪಟ್ಟಿಯಾಗಿ ಕಂಡಿರಲಾರದು.

ಪಟ್ಟಿಯ ಕಟ್ಟಡವನ್ನು ಮೊದಲು ನೋಡೋಣ. ಮತ್ತಾಯ ಅದನ್ನು ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಮೂರು ಗುಂಪು ಮಾಡುತ್ತಾನೆ. ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬೆಲಿನ ಸೆರೆಯವರೆಗೆ, ಸೆರೆಯಿಂದ ಯೇಸುವಿನವರೆಗೆ. ಈ ಲೆಕ್ಕ ಹೊಂದಿಸಲು ಯೋರಾಮ ಮತ್ತು ಉಜ್ಜೀಯರ ನಡುವಿನ ಮೂವರು ಅರಸರನ್ನು, ಅಂದರೆ ಅಹಜ್ಯ, ಯೋವಾಷ, ಅಮಚ್ಯರನ್ನು, ಸದ್ದಿಲ್ಲದೆ ಕೈಬಿಟ್ಟಿದ್ದಾನೆ. ಸೆರೆಯ ನಂತರದ ಭಾಗದಲ್ಲಿ ಅಬಿಹೂದ, ಎಲ್ಯಕೀಮ, ಅಜೋರ, ಸಾದೋಕ, ಅಖೀಮ, ಎಲಿಹೂದ, ಎಲಿಯಾಜರ, ಮತ್ತಾನ, ಯಾಕೋಬ ಎಂದು ಒಂಬತ್ತು ಮಂದಿ ಬರುತ್ತಾರೆ. ಇವರ ಬಗ್ಗೆ ಬೈಬಲಿನಲ್ಲಿ ಇನ್ನೆಲ್ಲೂ ಒಂದು ಮಾತಿಲ್ಲ. ಬಡಗಿ ಯೋಸೇಫನ ಅಜ್ಜ, ಮುತ್ತಜ್ಜಂದಿರು. ಅರಮನೆ ಹೋದ ಮೇಲೆ ಅರಸುಮನೆತನವೊಂದು ಸಾಮಾನ್ಯರ ಮನೆಯಾಗಿ ಬದುಕಿದ ಕಾಲವನ್ನು ಆ ಹೆಸರುಗಳ ಬರಿದುತನವೇ ಹೇಳುತ್ತದೆ. ಬಂಗಾಡಿಯಲ್ಲೋ ನಂದಾವರದಲ್ಲೋ ಬಂಗರಸರ ನೆಲದಲ್ಲಿ ಓಡಾಡಿದವರಿಗೆ ಇಂಥ ಕಾಲದ ರುಚಿ ಹೊಸದಲ್ಲ.

ಈ ಏಕಸ್ವರದ ನಡುವೆ ಮರಿಯಳಿಗಿಂತ ಮೊದಲು ನಾಲ್ಕು ಕಡೆ ಹೆಂಗಸರು ಕಾಣಿಸಿಕೊಳ್ಳುತ್ತಾರೆ. ತಾಮಾರ್, ರಾಹಾಬ್, ರೂತ್, ಮತ್ತು ಊರೀಯನ ಹೆಂಡತಿಯಾಗಿದ್ದವಳು. ಲೂಕನ ಸುವಾರ್ತೆಯ ವಂಶಾವಳಿಯಲ್ಲಿ ಒಬ್ಬ ಹೆಂಗಸೂ ಇಲ್ಲ. ಮತ್ತಾಯನಿಗೂ ಬೇಕಿದ್ದರೆ ಸಾರಾ, ರೆಬೆಕ್ಕರಂಥ ಹೆಸರಾಂತ ಕುಲಮಾತೆಯರಿದ್ದರು. ಅವರನ್ನೆಲ್ಲ ಬಿಟ್ಟು ಇವರನ್ನೇ ಏಕೆ ಆರಿಸಿದ? ನಾಲ್ಕನೆಯ ಶತಮಾನದ ಜೆರೋಮ್, ಇವರು ಪಾಪಿಗಳು, ಪಾಪಿಗಳಿಗಾಗಿ ಬಂದವನ ವಂಶದಲ್ಲಿ ಪಾಪಿಗಳು ಇರುವುದು ಸರಿ ಎಂದ. ಹದಿನಾರನೆಯ ಶತಮಾನದ ಲೂಥರ್, ಇವರು ಅನ್ಯಜನಾಂಗದವರು ಎಂಬುದರ ಮೇಲೆ ಒತ್ತು ಹಾಕಿದ. ಎರಡೂ ವಿವರಣೆಗಳು ಇಂದಿಗೂ ಪ್ರವಚನಗಳಲ್ಲಿ ಬದುಕಿವೆ. ನನಗೆ ಎರಡೂ ಸಾಲದು ಅನ್ನಿಸುತ್ತದೆ. ರೂತಳ ಕಥೆಯಲ್ಲಿ ಪಾಪದ ಸೊಲ್ಲೇ ಇಲ್ಲ. ಅರಸನು ಕರೆಸಿಕೊಂಡ ಹೆಂಗಸನ್ನು ಪಾಪಿ ಎನ್ನುವುದು ಆ ಕಥೆಯನ್ನು ಓದದವರ ಮಾತು. ಸಮುವೇಲನ ಪುಸ್ತಕದಲ್ಲಿ ಪ್ರವಾದಿ ನಾತಾನ ಬೊಟ್ಟು ಮಾಡುವುದು ದಾವೀದನ ಕಡೆಗೆ. ಅನ್ಯಜನಾಂಗದ ವಾದವೂ ಅವಳಲ್ಲಿಗೆ ಬಂದು ಸಡಿಲಾಗುತ್ತದೆ. ಹಿತ್ತಿಯನೆಂದು ಕಥೆ ಕರೆಯುವುದು ಅವಳ ಗಂಡನನ್ನು.

ತಾಮಾರಳಿಂದಲೇ ಮತ್ತೆ ಶುರುಮಾಡಿ ನೋಡಬಹುದು. ಯೂದನ ಹಿರಿಯ ಇಬ್ಬರು ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಸತ್ತಿದ್ದಾರೆ. ಮೂರನೆಯವನನ್ನು ಸೊಸೆಗೆ ಕೊಡಲು ಅವನಿಗೆ ಭಯ. ವಿಧವೆಯನ್ನು ತವರಿಗೆ ಕಳಿಸಿ ಮರೆತಿದ್ದಾನೆ. ತಾಮಾರ್ ಮುಸುಕು ಹಾಕಿ ದಾರಿಬದಿಯಲ್ಲಿ ಕುಳಿತು ಮಾವನಿಂದಲೇ ಗರ್ಭ ಧರಿಸುತ್ತಾಳೆ, ಅವನ ಮುದ್ರೆ, ದಾರ, ಕೋಲನ್ನು ಒತ್ತೆಯಾಗಿ ಇಟ್ಟುಕೊಂಡಿರುತ್ತಾಳೆ. ಸುಡಬೇಕೆಂದು ತೀರ್ಪು ಕೊಟ್ಟ ಮಾವನ ಮುಂದೆ ಅವನ್ನು ಇಟ್ಟಾಗ, ನನಗಿಂತ ಅವಳೇ ನ್ಯಾಯವಂತಳು ಎಂದು ಅವನು ಒಪ್ಪಬೇಕಾಗುತ್ತದೆ. ಯೂದನ ವಂಶ ಮುಂದೆ ಹೋದದ್ದು ಯೂದನ ಇಚ್ಛೆಯಿಂದಲ್ಲ. ರಾಹಾಬಳು ಯೆರಿಕೋವಿನ ಸೂಳೆ, ಶತ್ರುವಿನ ಗೂಢಚಾರರನ್ನು ಮಾಳಿಗೆಯಲ್ಲಿ ಬಚ್ಚಿಟ್ಟವಳು. ರೂತಳು ಮೋವಾಬಿನ ವಿಧವೆ, ಅತ್ತೆಯ ಜೊತೆ ಬಂದು ಪರರ ಹೊಲದಲ್ಲಿ ತೆನೆ ಆಯ್ದವಳು. ಇವರಲ್ಲಿ ಯಾರಿಗೂ ಈ ವಂಶದ ಮೇಲೆ ಹುಟ್ಟಿನ ಹಕ್ಕಿರಲಿಲ್ಲ. ವಂಶವೇ ಇವರಿಗೆ ಋಣಿ.

ನಾಲ್ಕನೆಯ ಕಡೆ ಋಣದ ಲೆಕ್ಕ ಇನ್ನೂ ಕಹಿಯಾಗಿದೆ. ಅಲ್ಲಿ ಬತ್ಷೆಬೆಯ ಹೆಸರಿಲ್ಲ, ಅವಳ ಸತ್ತ ಗಂಡನ ಹೆಸರಿದೆ. ಅವಳ ಹೆಸರು ಅಳಿಸಿಹೋದದ್ದು ಅನ್ಯಾಯವೇ, ಅದನ್ನು ಮರೆಸಿ ಮಾತಾಡಬಾರದು. ಆದರೆ ಆ ಜಾಗದಲ್ಲಿ ನಿಂತಿರುವ ಊರೀಯ ಯಾರು? ಯೇಸುವಿಗೆ ರಕ್ತಸಂಬಂಧವಿಲ್ಲದ ಹಿತ್ತಿಯ ಸೈನಿಕ. ದಾವೀದ ಅವನನ್ನು ಯುದ್ಧದ ಬಿರುಸಿಗೆ ಒಡ್ಡಿ ಕೊಲ್ಲಿಸಿದ. ಆ ಆಜ್ಞೆಯ ಪತ್ರವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದ. ಪಟ್ಟಿಯ ನಿಯಮದ ಪ್ರಕಾರ ಊರೀಯನಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಅಚ್ಚುಕಟ್ಟಿಗಾಗಿ ಮೂವರು ಅರಸರನ್ನು ಬಿಟ್ಟ ಲೇಖಕ ಈ ಒಬ್ಬನನ್ನು ಬಿಡಲಿಲ್ಲ. ಸೊಲೊಮೋನನ ಹುಟ್ಟಿನ ಪಕ್ಕದಲ್ಲಿ ಈ ಹೆಸರು ಇರುವವರೆಗೆ ಅರಸನ ಅಪರಾಧವನ್ನು ಮರೆತು ಮುಂದಿನ ಹೆಸರಿಗೆ ಹೋಗಲಾಗದು. ವಂಶಾವಳಿಯೆಂಬುದು ಹಕ್ಕುಪತ್ರ; ಅದರೊಳಗಿನ ಈ ಅಪರಿಚಿತ ಹೆಸರುಗಳು ಋಣಪತ್ರ. ನನ್ನ ಓದಿನ ತಿರುಳು ಇಷ್ಟೇ.

ಕನ್ನಡದ ಓದುಗರಿಗೆ ಇಲ್ಲಿ ಭೈರಪ್ಪನವರ 'ವಂಶವೃಕ್ಷ' ನೆನಪಾಗದಿರದು. 1965ರ ಆ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳು ಬದುಕಿಡೀ ವಂಶದ ಶುದ್ಧಿಯನ್ನು ನಂಬಿ, ವಿಧವೆ ಸೊಸೆಯ ಮರುಮದುವೆಯನ್ನು ಆ ನಂಬಿಕೆಯಿಂದಲೇ ತೂಗುತ್ತಾರೆ. ಕೊನೆಗೆ ತಾವೇ ಆ ವಂಶದ ರಕ್ತದವರಲ್ಲ ಎಂದು ತಿಳಿಯಬೇಕಾಗುತ್ತದೆ. ಅಲ್ಲಿ ವಂಶದ ಬಿರುಕು ಮುಚ್ಚಿಟ್ಟ ಗುಟ್ಟು, ಅದು ಹೊರಬಿದ್ದಾಗ ಮನುಷ್ಯ ಕುಸಿಯುತ್ತಾನೆ. ಮತ್ತಾಯನ ಪುಟದಲ್ಲಿ ವಿಧವೆ ಸೊಸೆ ತಾಮಾರಳು ಆರಂಭದಲ್ಲೇ ಬಹಿರಂಗವಾಗಿ ನಿಂತಿದ್ದಾಳೆ. ಗುಟ್ಟು ಯಾವುದೂ ಇಲ್ಲದ್ದರಿಂದ ಕುಸಿಯುವುದಕ್ಕೂ ಏನಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ಓದುವ ವಿದ್ಯಾರ್ಥಿಗೆ, ವಂಶದ ಕಥನಗಳು ತಮ್ಮ ಬಿರುಕನ್ನು ಎಲ್ಲಿ ಇಡುತ್ತವೆ ಎಂಬ ಪ್ರಶ್ನೆ ಸಿಗುತ್ತದೆ. ವಿಮರ್ಶೆಗೆ ಅದು ಒಳ್ಳೆಯ ಹಿಡಿಕೆ.

ಇನ್ನು ನಮ್ಮ ಪಟ್ಟಿಗಳ ಕಡೆ ಬರೋಣ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಫಲ್ಗುಣಿ ನದಿಯ ದಡದಲ್ಲಿ 35 ಅಡಿಯ ಬಾಹುಬಲಿ ಇದ್ದಾನೆ. 1604ರಲ್ಲಿ ಅಜಿಲರ ತಿಮ್ಮರಾಜ ಅದನ್ನು ಪ್ರತಿಷ್ಠೆ ಮಾಡಿಸಿದ. ಅಲ್ಲಿನ ಶಾಸನ ಅರಸನನ್ನು ಪರಿಚಯಿಸುವಾಗ ಅವನು ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ ಎನ್ನುತ್ತದೆ. ಮಾವನ ಹೆಸರು, ತಾಯಿಯ ಹೆಸರು, ಅಣ್ಣನ ಹೆಸರು. ಮೂಡುಬಿದಿರೆಯ ಚೌಟರದೂ ಇದೇ ಕಟ್ಟು. ಉಳ್ಳಾಲದ ಅಬ್ಬಕ್ಕ ಪಟ್ಟಕ್ಕೆ ಬಂದದ್ದು ಸೋದರಮಾವನ ಉತ್ತರಾಧಿಕಾರಿಯಾಗಿ. ಕನ್ನಡದಲ್ಲಿ ಅಕ್ಕತಂಗಿಯರ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಒಂದೇ ಶಬ್ದ ಎರಡು ಸಂಬಂಧ ಹೊರುವುದು ಭಾಷೆಯ ಬಡತನವೆಂದು ಕೆಲವರಿಗೆ ಕಂಡೀತು. ಅದರ ಹಿಂದೆ ಒಂದು ಸಮಾಜದ ಲೆಕ್ಕಾಚಾರವೇ ಇದೆ.

ಈ ಕಣ್ಣಿನಿಂದ ಬೈಬಲಿಗೆ ಹಿಂತಿರುಗಿದರೆ ಚಿಕ್ಕ ಪಾತ್ರವೊಂದು ದೊಡ್ಡದಾಗಿ ಕಾಣುತ್ತದೆ. ಅವಳ ಹೆಸರು ಚೆರೂಯಾ. ಪೂರ್ವಕಾಲ ವೃತ್ತಾಂತದ ಎರಡನೆಯ ಅಧ್ಯಾಯದ ವಂಶಾವಳಿಯಲ್ಲಿ ದಾವೀದನ ಅಕ್ಕತಂಗಿಯರೆಂದು ಚೆರೂಯಾ ಮತ್ತು ಅಬೀಗೈಲರ ಹೆಸರು ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಚೆರೂಯಳ ಮಕ್ಕಳು ಅಬೀಷೈ, ಯೋವಾಬ, ಅಸಾಹೇಲ. ಯೋವಾಬ ದಾವೀದನ ಸೇನಾಪತಿ, ಅಬೀಷೈ ಬಲಗೈ ಬಂಟ. ಇಡೀ ಸಮುವೇಲನ ಪುಸ್ತಕದಲ್ಲಿ ಈ ಮೂವರನ್ನು ಗುರುತಿಸುವುದು ಚೆರೂಯಳ ಮಕ್ಕಳು ಎಂದೇ. ತಂದೆಯ ಹೆಸರಿನಿಂದ ಮಾತ್ರ ಗಂಡಸನ್ನು ಕರೆಯುವ ಆ ಪುಸ್ತಕದಲ್ಲಿ ಇದೊಂದು ಅಪರೂಪ. ಅಸಾಹೇಲ ಸತ್ತಾಗ ಬೇತ್ಲೆಹೇಮಿನಲ್ಲಿ ಅವನ ತಂದೆಯ ಸಮಾಧಿಯಲ್ಲಿ ಹೂಳಿದರು ಎಂಬ ಮಾತು ಬರುತ್ತದೆ. ಅಲ್ಲೂ ತಂದೆಯ ಹೆಸರಿಲ್ಲ. ನಮ್ಮಲ್ಲಿ ಕೋಟಿ ಚೆನ್ನಯರನ್ನು ದೇಯಿ ಬೈದೆದಿಯ ಮಕ್ಕಳೆಂದು ನೆನೆಯುತ್ತೇವೆ, ಸೋದರಮಾವ ಸಾಯನ ಬೈದ್ಯನನ್ನು ನೆನೆಯುತ್ತೇವೆ. ಅವರ ತಂದೆ ಯಾರೆಂದು ಥಟ್ಟನೆ ಹೇಳುವವರು ಕಡಿಮೆ.

ಯೋವಾಬನಿಗೂ ದಾವೀದನಿಗೂ ನಡುವೆ ಕೊನೆತನಕ ಒಂದು ಬಿಗುವು ಇದೆ. ಈ ಮಕ್ಕಳ ಕಾಟ ತನಗೆ ಹೆಚ್ಚಾಯಿತು ಎಂಬ ಅರ್ಥದಲ್ಲಿ ದಾವೀದ ಮತ್ತೆಮತ್ತೆ ಗೊಣಗುತ್ತಾನೆ. ಯೋವಾಬನೋ ಅರಸನ ಕೊಳಕು ಕೆಲಸಗಳನ್ನೆಲ್ಲ ಮಾಡುವವನು. ಊರೀಯನ ಸಾವಿನ ಪತ್ರ ಬಂದದ್ದೂ ಅವನ ಹೆಸರಿಗೇ. ದಾವೀದ ಇನ್ನೊಬ್ಬ ಅಳಿಯನನ್ನು, ಅಬೀಗೈಲಳ ಮಗ ಅಮಾಸನನ್ನು, ಯೋವಾಬನ ಜಾಗಕ್ಕೆ ತಂದಾಗ ಯೋವಾಬ ಮುದ್ದಿಡುವ ನೆಪದಲ್ಲಿ ಗಡ್ಡ ಹಿಡಿದು ಅವನನ್ನು ಕೊಲ್ಲುತ್ತಾನೆ. ಸಾಯುವ ಹಾಸಿಗೆಯಲ್ಲಿ ದಾವೀದ ಸೊಲೊಮೋನನಿಗೆ ಹೇಳಿಹೋಗುವ ಕೆಲಸಗಳಲ್ಲಿ ಯೋವಾಬನ ಕೊಲೆಯೂ ಒಂದು. ಬಲಿಪೀಠದ ಕೊಂಬು ಹಿಡಿದು ನಿಂತವನನ್ನು ಅಲ್ಲೇ ಕಡಿಯುತ್ತಾರೆ. ಇದನ್ನು ಸೇನಾಪತಿಯ ದರ್ಪದ ಕಥೆಯಾಗಿ ಓದುವುದು ರೂಢಿ. ಅಳಿಯಕಟ್ಟಿನ ಊರಿನವನು ಇದರಲ್ಲಿ ಇನ್ನೊಂದನ್ನು ನೋಡದಿರಲಾರ. ವೇಣೂರಿನಲ್ಲೋ ಮೂಡುಬಿದಿರೆಯಲ್ಲೋ ಆಗಿದ್ದರೆ ಪಟ್ಟ ಚೆರೂಯಳ ಮಗನಿಗೆ ಬರುತ್ತಿತ್ತು. ಮಕ್ಕಳಕಟ್ಟಿನ ಅರಮನೆಯಲ್ಲಿ ಅಳಿಯನಿಗೆ ಕೆಲಸವುಂಟು, ಪಟ್ಟವಿಲ್ಲ. ದಾವೀದನ ಕಾಲದ ಇಸ್ರಾಯೇಲರಲ್ಲಿ ಅಳಿಯಕಟ್ಟು ಇತ್ತೆಂದು ನಾನು ಹೇಳುತ್ತಿಲ್ಲ, ಅಂಥ ಸಾಕ್ಷಿ ಕಥೆಯಲ್ಲಿಲ್ಲ. ಸಿಂಹಾಸನಕ್ಕೆ ಅಷ್ಟು ಹತ್ತಿರದಲ್ಲಿದ್ದೂ ಯಾವ ಲೆಕ್ಕಕ್ಕೂ ಬಾರದ ಮೂವರ ಮೈಯಲ್ಲಿ ಇರುವ ಉರಿ ನಮಗೆ ಬೇಗ ಅರ್ಥವಾಗುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ವಂಶಾವಳಿಯಲ್ಲಿ ಚೆರೂಯಳ ಆ ಒಂದು ಸಾಲು ಇರದಿದ್ದರೆ ಯೋವಾಬ ಅರಸನ ಅಳಿಯ ಎಂಬುದೇ ನಮ್ಮ ಗಮನಕ್ಕೆ ಬರುತ್ತಿರಲಿಲ್ಲ.

ಅರಣ್ಯಕಾಂಡದ 27ನೆಯ ಅಧ್ಯಾಯದ ಐವರು ಹೆಣ್ಣುಮಕ್ಕಳಿಗೆ ಈಗ ಬರುತ್ತೇನೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಇವರ ತಂದೆ ಚಲ್ಪಹಾದ ಗಂಡುಮಕ್ಕಳಿಲ್ಲದೆ ಸತ್ತ. ಜಮೀನು ಹಂಚುವ ಕಾಲಕ್ಕೆ ಇವರು ಮೋಶೆಯ ಮುಂದೆ, ಸಭೆಯ ಮುಂದೆ ಬಂದು ನಿಂತು, ಗಂಡುಮಕ್ಕಳಿಲ್ಲದ ಮಾತ್ರಕ್ಕೆ ನಮ್ಮ ತಂದೆಯ ಹೆಸರು ಕುಲದಿಂದ ಏಕೆ ಅಳಿಯಬೇಕು, ನಮಗೂ ಪಾಲು ಕೊಡಿ ಎಂದು ಕೇಳುತ್ತಾರೆ. ಮೋಶೆಗೆ ಉತ್ತರ ಗೊತ್ತಿಲ್ಲ, ದೇವರನ್ನು ಕೇಳುತ್ತಾನೆ. ಅವರು ಕೇಳಿದ್ದು ಸರಿ ಎಂದು ದೇವರು ಹೇಳಿ ಕಾನೂನು ಬದಲಾಗುತ್ತದೆ. ಆದರೆ 36ನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ತಕರಾರು ತೆಗೆಯುತ್ತಾರೆ, ಇವರು ಬೇರೆ ಕುಲದವರನ್ನು ಮದುವೆಯಾದರೆ ಜಮೀನು ಹೋಗುತ್ತದಲ್ಲ ಎಂದು. ಕೊನೆಗೆ ಐವರೂ ತಂದೆಯ ಅಣ್ಣತಮ್ಮಂದಿರ ಮಕ್ಕಳನ್ನೇ ಮದುವೆಯಾಗಬೇಕಾಗುತ್ತದೆ. ಹಕ್ಕು ಸಿಕ್ಕಿತು, ಬೇಲಿಯೂ ಹಿಂದೆಯೇ ಬಂತು.

ಅರಣ್ಯಕಾಂಡ ಮತ್ತು ಯೆಹೋಶುವನ ಪುಸ್ತಕ ಸೇರಿ ನಾಲ್ಕು ಕಡೆ ಈ ಐವರ ಹೆಸರೂ ಪೂರ್ತಿಯಾಗಿ ಬರುತ್ತದೆ. ವಂಶಾವಳಿಗೇ ಮೀಸಲಾದ ಪೂರ್ವಕಾಲ ವೃತ್ತಾಂತಕ್ಕೆ ಬಂದಾಗ ಮಾತ್ರ ಚಲ್ಪಹಾದನಿಗೆ ಹೆಣ್ಣುಮಕ್ಕಳಿದ್ದರು ಎಂಬಷ್ಟಕ್ಕೆ ಮುಗಿಯುತ್ತದೆ. ಮಣ್ಣು ಇವರನ್ನು ಇನ್ನೂ ಚೆನ್ನಾಗಿ ನೆನಪಿಟ್ಟುಕೊಂಡಿತ್ತು. 1910ರಲ್ಲಿ ಸಮಾರ್ಯದ ಉತ್ಖನನದಲ್ಲಿ ಸಿಕ್ಕ, ಕ್ರಿಸ್ತಪೂರ್ವ ಎಂಟನೆಯ ಶತಮಾನದ ಮಡಕೆಚೂರುಗಳ ಬರಹದಲ್ಲಿ ಎಣ್ಣೆ, ದ್ರಾಕ್ಷಾರಸ ಬಂದ ಸೀಮೆಗಳ ಹೆಸರುಗಳಿವೆ. ಅವುಗಳಲ್ಲಿ ನೋವಾ ಮತ್ತು ಹೊಗ್ಲಾ ಎಂಬೆರಡೂ ಇವೆ. ಹುಡುಗಿಯರ ಹೆಸರು ಊರಿಗೆ ಬಂತೋ, ಊರಿನ ಹೆಸರು ಕಥೆಯಲ್ಲಿ ಹುಡುಗಿಯರಾಯಿತೋ ಎಂದು ವಿದ್ವಾಂಸರು ಚರ್ಚಿಸಲಿ. ಮನೆಯ ಹೆಸರನ್ನೇ ಮನುಷ್ಯನ ಹೆಸರಿಗೆ ಅಂಟಿಸಿಕೊಂಡು ತಿರುಗುವ ನಮಗೆ ಎರಡೂ ಸಹಜ.

ಚಲ್ಪಹಾದನನ್ನು ಬೆಳ್ತಂಗಡಿಯ ಕಡೆಯ ಒಂದು ಗುತ್ತಿನ ಮನೆಗೆ ತಂದು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬವನ್ನು ಕವರುಗಳಾಗಿ ವಿಂಗಡಿಸುತ್ತದೆ. ಕವರು ಎಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಮೂಲಕ ಬಂದ ಸಂತತಿ. ಮುಂದಕ್ಕೆ ಸಂತತಿ ಬೆಳೆಸಬಲ್ಲ ಹೆಣ್ಣು ಉಳಿಯದ ಕವರಿಗೆ ನಿಸ್ಸಂತತಿ ಕವರು ಎಂದು ಹೆಸರು. ಐದು ಗಂಡುಮಕ್ಕಳಿರುವ, ಹೆಣ್ಣು ಹುಟ್ಟದ ಮನೆಯೂ ಇಲ್ಲಿ ನಿಸ್ಸಂತತಿಯಾಗಬಹುದು. ಅವರ ಪಾಲಿನ ಆಸ್ತಿ ಅವರ ಜೀವಮಾನದ ಮಟ್ಟಿಗಷ್ಟೇ. ಐದು ಹೆಣ್ಣುಮಕ್ಕಳ ತಾಯಿಯಾದರೋ ಐದು ಕವರುಗಳ ಮೂಲ. ಮೋಶೆಯ ಪಾಳೆಯದಲ್ಲಿ ಹೆಸರು ಅಳಿಯಲು ಕಾರಣವಾದದ್ದು ಇಲ್ಲಿ ಹೆಸರು ಬೆಳೆಯಲು ಕಾರಣ. ಆದರೆ ಈ ಹೋಲಿಕೆಯನ್ನು ಪೂರ್ತಿ ಎಳೆದರೆ ಇನ್ನೊಂದು ಸತ್ಯ ಎದುರಾಗುತ್ತದೆ. ಅರಣ್ಯಕಾಂಡದಲ್ಲಿ ಈ ಐವರ ತಾಯಿಯ ಹೆಸರಿಲ್ಲ. ಗುತ್ತಿನ ಮನೆಯ ಪಟ್ಟಿಯಲ್ಲಿ ಇರುತ್ತಿದ್ದುದು ಅವಳೊಬ್ಬಳೇ, ಬಿಟ್ಟುಹೋಗುತ್ತಿದ್ದವನು ಚಲ್ಪಹಾದ.

ಅಳಿಯಕಟ್ಟನ್ನು ಹೆಂಗಸರ ರಾಜ್ಯವೆಂದು ಕೊಂಡಾಡುವ ಬರಹಗಳು ನಮ್ಮಲ್ಲಿ ಬೇಕಾದಷ್ಟಿವೆ. ನನಗೆ ಅವುಗಳಲ್ಲಿ ಪೂರ್ತಿ ನಂಬಿಕೆಯಿಲ್ಲ. ಹೆಸರು ತಾಯಿಯಿಂದ ಬಂದರೂ ಬೀಗದ ಕೈ ಸಾಮಾನ್ಯವಾಗಿ ಸೋದರಮಾವನ ಸೊಂಟದಲ್ಲಿತ್ತು. ಈ ಕಟ್ಟಿನ ಅತ್ಯಂತ ನಿಷ್ಠುರ ವಿಮರ್ಶೆಯೂ ಬೆಳ್ತಂಗಡಿ ತಾಲೂಕಿನಿಂದಲೇ ಬಂದಿದೆ, ವಿಮರ್ಶಕರಿಂದ ಅಲ್ಲ, ಪಾಡ್ದನದಿಂದ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿತು. 15,683 ಸಾಲುಗಳ ಮಹಾಕಾವ್ಯ. ಅದರಲ್ಲಿ ವಂಶ ಸಾಗುವುದು ಸಿರಿಯಿಂದ ಮಗಳು ಸೊನ್ನೆಗೆ, ಸೊನ್ನೆಯಿಂದ ಅವಳಿಗಳಾದ ಅಬ್ಬಗ ದಾರಗರಿಗೆ. ಸಾಕಿದ ಅಜ್ಜ ಬೆರ್ಮ ಆಳ್ವ ತೀರಿದ ಮೇಲೆ ಸತ್ಯನಾಪುರದ ಅರಮನೆಯ ಹಕ್ಕಿಗಾಗಿ ಸಿರಿ ಕೂಟದ ಮುಂದೆ ನಿಲ್ಲುತ್ತಾಳೆ. ಮೋಶೆಯ ಮುಂದೆ ನಿಂತ ಐವರಂತೆಯೇ. ಆ ಐವರಿಗೆ ಸಿಕ್ಕ ನ್ಯಾಯ, ತಾಯಿಯಿಂದ ವಂಶ ಎಣಿಸುವ ನಾಡಿನ ಕೂಟದಲ್ಲಿ ಸಿರಿಗೆ ಸಿಗುವುದಿಲ್ಲ. ಅವಳು ಗಂಡ ಕಾಂತು ಪೂಂಜನನ್ನೂ ಬಿಟ್ಟು ಹೊರಡುತ್ತಾಳೆ.

ಪಾಡ್ದನದ ವಂಶ ಅಬ್ಬಗ ದಾರಗರ ಚೆನ್ನೆಮಣೆಯ ಜಗಳದಲ್ಲಿ ಕೊನೆಗೊಳ್ಳುತ್ತದೆ. ಇಬ್ಬರೂ ಮಕ್ಕಳಿಲ್ಲದೆ ಸಾಯುತ್ತಾರೆ. ಕಾಯಿದೆಯ ಭಾಷೆಯಲ್ಲಿ ಸಿರಿಯದು ನಿಸ್ಸಂತತಿ ಕವರು. ಆದರೂ ಸಿರಿಜಾತ್ರೆಗಳಲ್ಲಿ ನೂರಾರು ಹೆಂಗಸರು ಸಿಂಗಾರದ ಹೂ ಹಿಡಿದು ಆವೇಶದಲ್ಲಿ ನಡುಗುವಾಗ ಕುಮಾರನ ಪಾತ್ರಿ ಎದುರು ನಿಂತು ಕೇಳುವ ಪ್ರಶ್ನೆ ಒಂದೇ, ನೀನು ಯಾರು? ಹೆಂಗಸಿನ ಬಾಯಿಂದ ಸಿರಿ, ಸೊನ್ನೆ, ಅಬ್ಬಗ, ದಾರಗ ಇವುಗಳಲ್ಲೊಂದು ಹೆಸರು ಬರುವವರೆಗೆ ಅವನು ಬಿಡುವುದಿಲ್ಲ. ಮನೆಯ ವಂಶವೃಕ್ಷದಲ್ಲಿ ಒಂದು ಗೆರೆಯಾಗಿ ಮಾತ್ರ ಇರುವ ಹೆಂಗಸು ಇಲ್ಲಿ ಇನ್ನೊಂದು ವಂಶಕ್ಕೆ ಹೆಸರು ಹೇಳಿ ಸೇರುತ್ತಾಳೆ. ರಕ್ತಸಂಬಂಧ ಮುಗಿದ ಮೇಲೂ ವಂಶ ಮುಂದುವರಿಯುವ ಇಂಥ ಬಗೆ ನನಗೆ ಬೇರೆಲ್ಲೂ ಕಂಡಿಲ್ಲ. ಮತ್ತಾಯ ರಾಹಾಬಳನ್ನೂ ರೂತಳನ್ನೂ ಪಟ್ಟಿಗೆ ಕರೆದದ್ದು ಇದಕ್ಕೆ ಸ್ವಲ್ಪ ಹತ್ತಿರದ ಕೆಲಸ.

ಯಾವ ಪಟ್ಟಿಗೂ ಸೇರದವರು ಎರಡೂ ಕಡೆ ಇದ್ದಾರೆ. ಪೂರ್ವಕಾಲ ವೃತ್ತಾಂತದಲ್ಲಿ ಶೇಷಾನ್ ಎಂಬವನಿಗೆ ಗಂಡುಮಕ್ಕಳಿಲ್ಲ. ಅವನು ಮಗಳನ್ನು ತನ್ನ ಐಗುಪ್ತದ ಗುಲಾಮ ಯರ್ಹನಿಗೆ ಕೊಡುತ್ತಾನೆ, ವಂಶ ಅವರ ಮಗ ಅತ್ತೈಯಿಂದ ಹತ್ತಾರು ತಲೆಮಾರು ಬೆಳೆಯುತ್ತದೆ. ಗುಲಾಮನ ಹೆಸರು ಪಟ್ಟಿಯಲ್ಲಿ ಉಳಿದಿದೆ, ಅವನಿಗೆ ಕೊಟ್ಟ ಮಗಳ ಹೆಸರು ಆ ಸಾಲಿನಲ್ಲಿಲ್ಲ. ನಮ್ಮ ಗುತ್ತು, ಬೀಡುಗಳ ಗದ್ದೆಯಲ್ಲಿ ತಲೆಮಾರುಗಟ್ಟಲೆ ದುಡಿದ ಮೂಲದಾಳುಗಳು ಆ ಮನೆಗಳ ಯಾವ ವಂಶಾವಳಿಯಲ್ಲೂ ಇಲ್ಲ. ಅವರು ಉಳಿದದ್ದು ಪಾಡ್ದನಗಳಲ್ಲಿ. ಕೊರಗ ತನಿಯನಿಗೆ ಹೇಳಿಕೊಳ್ಳಲು ಕುಟುಂಬದ ಮನೆಯಿರಲಿಲ್ಲ. ಅವನ ಕಥೆ ನೆನಪಿಡುವುದು ಅನಾಥ ಹುಡುಗನನ್ನು ಕರೆದು ಸಾಕಿದ ಮೈರಕ್ಕೆ ಬೈದೆದಿಯನ್ನು. ಬೇರೆ ಜಾತಿಯ ಹೆಂಗಸು, ಹೆತ್ತವಳಲ್ಲ. ಇಂದು ಈ ಮೂರೂ ತಾಲೂಕುಗಳಲ್ಲಿ ಕೊರಗಜ್ಜನಿಗೆ ಕೈಮುಗಿಯದ ಊರಿಲ್ಲ. ಅವನ ವಂಶಾವಳಿ ಎಂದು ಯಾರಾದರೂ ಬರೆದರೆ ಮೊದಲ ಸಾಲಿನಲ್ಲಿ ಆ ಋಣದ ಹೆಸರು ಬರಬೇಕು.

ಮೂಡುಬಿದಿರೆಯಲ್ಲಿ ಇದೇ ಬಗೆಯ ಇನ್ನೊಂದು ಋಣವಿದೆ. 1784ರಲ್ಲಿ ಟಿಪ್ಪು ಕೆನರಾದ ಕ್ಯಾಥೋಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಬಿದ್ದ ಮೇಲೆ ಬದುಕುಳಿದವರು ಮರಳಿದರು. ಮತ್ತಾಯ ತನ್ನ ಪಟ್ಟಿಯನ್ನು ಬಾಬೆಲಿನ ಸೆರೆಯಲ್ಲಿ ಮುರಿದು ಜೋಡಿಸಿದಂತೆ, ಈ ಕಡೆಯ ಕ್ಯಾಥೋಲಿಕ ಮನೆಗಳ ಇತಿಹಾಸವೂ ಸೆರೆಯ ಮುಂಚೆ, ಸೆರೆಯ ನಂತರ ಎಂದು ಒಡೆದಿದೆ. ಆ ಕಾಲದಲ್ಲಿ ಇಗರ್ಜಿಗಳನ್ನು ಕೆಡವಿದಾಗ ಮೂಡುಬಿದಿರೆಯ ಹೊಸಪೇಟೆಯ ಶಿಲುಬೆಯ ಇಗರ್ಜಿ ಉಳಿಯಿತು, ಅದಕ್ಕೆ ಅಲ್ಲಿನ ಚೌಟ ಅರಸರ ಸ್ನೇಹವೇ ಕಾರಣ ಎಂಬ ಮಾತು ಆ ಸಮುದಾಯದ ಚರಿತ್ರೆಯಲ್ಲಿ ದಾಖಲಾಗಿ ಬಂದಿದೆ. ಜೈನ ಅರಸನೊಬ್ಬನಿಗೆ ಇಗರ್ಜಿಯ ಪರಂಪರೆಯಲ್ಲಿ ಏನು ಕೆಲಸ? ಯೆರಿಕೋವಿನ ರಾಹಾಬಳಿಗೆ ದಾವೀದನ ವಂಶದಲ್ಲಿ ಇದ್ದಷ್ಟೇ. ಸೆರೆಯ ಸಂಕಟವನ್ನು ನೆನೆಯುವವರು ಈ ಮಾತನ್ನೂ ಬಿಡದೆ ನೆನೆಯುತ್ತ ಬಂದದ್ದು ದೊಡ್ಡ ಗುಣ.

ಇವೆಲ್ಲ ಹಳೆಯ ವಿಷಯವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಈಗ ನಮ್ಮ ಕಡೆ ಕುಟುಂಬದ ಮನೆಗಳ ಜೀರ್ಣೋದ್ಧಾರದ ಕಾಲ. ನಾಗಪ್ರತಿಷ್ಠೆಗೋ ದೈವಗಳ ಬ್ರಹ್ಮಕಲಶಕ್ಕೋ ಮುಂಬೈ, ಕೊಲ್ಲಿ ರಾಷ್ಟ್ರಗಳಲ್ಲಿರುವವರೆಲ್ಲ ಬಂದು ಸೇರುತ್ತಾರೆ. ಆ ನೆಪದಲ್ಲಿ ವಂಶವೃಕ್ಷ ಅಚ್ಚಾಗುತ್ತದೆ, ಫ್ಲೆಕ್ಸ್ ಆಗಿ ಚಾವಡಿಯಲ್ಲಿ ತೂಗುತ್ತದೆ. ಅಂಥ ನಾಲ್ಕಾರು ವಂಶವೃಕ್ಷಗಳನ್ನು ನಾನು ಬೆರಳಿಟ್ಟು ಓದಿದ್ದೇನೆ. ಮದುವೆಯಾಗದೆ ಉಳಿದ ದೊಡ್ಡಮ್ಮಂದಿರು ಒಣಗಿದ ಗೆಲ್ಲಿನಂತೆ ನಿಂತಿರುತ್ತಾರೆ. ಜಾತಿಯ ಹೊರಗೆ ಮದುವೆಯಾದವಳ ಹೆಸರಿನ ಕೆಳಗೆ ಗೆರೆ ಇರುವುದಿಲ್ಲ, ಕೆಲವು ಕಡೆ ಹೆಸರೇ ಇರುವುದಿಲ್ಲ. ಬೊಂಬಾಯಿಗೆ ಹೋಗಿ ಕಾಗದ ನಿಲ್ಲಿಸಿದ ಮಾವಂದಿರು ಇಲ್ಲ. ಯಾರೂ ದ್ವೇಷದಿಂದ ಹೀಗೆ ಮಾಡುವುದಿಲ್ಲ. ಜಾಗ ಕಡಿಮೆ, ಅಚ್ಚುಕಟ್ಟಾಗಿ ಕಾಣಬೇಕು, ಹಿರಿಯರ ಮನಸ್ಸಿಗೆ ನೋವಾಗಬಾರದು.

ಅಚ್ಚುಕಟ್ಟು ಎಷ್ಟು ಕ್ರೂರವಾಗಬಲ್ಲುದೆಂದು ತಿಳಿಯಲು ಎಜ್ರನ ಪುಸ್ತಕದ ಎರಡನೆಯ ಅಧ್ಯಾಯ ಓದಬೇಕು. ಬಾಬೆಲಿನಿಂದ ಮರಳಿದವರನ್ನು ಅಲ್ಲಿ ಮನೆತನಗಳ ಪ್ರಕಾರ ಎಣಿಸುತ್ತಾರೆ. ಯಾಜಕರಲ್ಲಿ ಒಂದು ಗುಂಪಿನವರ ಪೂರ್ವಜ ಗಿಲ್ಯಾದಿನ ಬರ್ಜಿಲ್ಲೈಯ ಮಗಳನ್ನು ಮದುವೆಯಾಗಿ ಮಾವನ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದ. ಅಳಿಯನಾಗಿ ಹೋದವನು ಆ ಮನೆಯ ಹೆಸರಿನವನಾದ. ಈಗ ಅವನ ಸಂತತಿಯವರು ತಮ್ಮ ಹೆಸರನ್ನು ವಂಶಾವಳಿಯಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಯಾಜಕತನದಿಂದ ಅವರನ್ನು ಹೊರಗಿಡಲಾಗುತ್ತದೆ. ಅವರ ಮುಂದಿನ ಕಥೆಯನ್ನು ಪುಸ್ತಕ ಹೇಳುವುದಿಲ್ಲ. ಮತ್ತಾಯನ ಪಟ್ಟಿಯ ಎದುರಿಗೆ ಈ ಪಟ್ಟಿಯನ್ನು ಇಟ್ಟು ನೋಡಿದರೆ ಒಂದೇ ಗ್ರಂಥದೊಳಗೆ ಎರಡು ಮನಸ್ಸುಗಳ ವಾಗ್ವಾದ ಕೇಳಿಸುತ್ತದೆ. ಒಂದು ತನ್ನವರನ್ನೇ ಸೋಸಿ ಹೊರಹಾಕುತ್ತದೆ. ಇನ್ನೊಂದು, ಯಾವ ಸಂಬಂಧವೂ ಇಲ್ಲದ, ತನ್ನ ಅರಸನೇ ಕೊಲ್ಲಿಸಿದ ಸೈನಿಕನಿಗೂ ಜಾಗ ಮಾಡಿಕೊಡುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳು ಬೈಬಲಿನ ವಂಶಾವಳಿಯನ್ನೂ ನಮ್ಮ ಪಾಡ್ದನ, ಶಾಸನಗಳನ್ನೂ ಜೊತೆಗಿಟ್ಟು ಓದಬೇಕೆಂದು ನಾನು ಹೇಳುವುದು ಈ ವಾಗ್ವಾದಕ್ಕಾಗಿ. ದೊಡ್ಡ ಹೆಸರುಗಳನ್ನು ಪುರಾಣಗಳೂ ಚರಿತ್ರೆಯೂ ನೋಡಿಕೊಳ್ಳುತ್ತವೆ. ಚೆರೂಯಾ, ಹೊಗ್ಲಾ, ಯರ್ಹ, ಊರೀಯ, ಪಾಂಡ್ಯಕದೇವಿ, ಸೊನ್ನೆ, ಮೈರಕ್ಕೆ ಇಂಥವರನ್ನು ನೋಡಿಕೊಳ್ಳಲು ನಿಧಾನವಾಗಿ ಓದುವವರು ಬೇಕು. ಮುಂದಿನ ಸಲ ಯಾವುದಾದರೂ ಕುಟುಂಬದ ಮನೆಯಲ್ಲಿ ವಂಶವೃಕ್ಷದ ಕರಡು ನಿಮ್ಮ ಕೈಗೆ ತಿದ್ದಲು ಬಂದರೆ, ಗೆರೆಗಳು ನೆಟ್ಟಗಿವೆಯೇ ಎಂದು ನೋಡುವ ಮೊದಲು ಹಿರಿಯ ಹೆಂಗಸರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳಿ. ಅವರು ಹೇಳುವ ಹೆಸರುಗಳಿಗೆ ಪುಟದಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಪುಟ ಸೇರಿಸಬಹುದು.